ಕಲ್ಲು ಮೊರದಲ್ಲೇ ಸಿಗಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ನೀವು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದೀರಿ. ಆ ಕೆಲಸ ಅಂದ್ರೆ ಏನು ಅಂತ ಊರಿನವರಿಗೆ ಅರ್ಥ ಆಗೋ ಹಾಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದರು. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಭಯವಾಯಿತು. ಇಷ್ಟು ವರ್ಷ ಮಾಡಿದ ಕೆಲಸವನ್ನು ನನ್ನ ತಾಯಿಗೇ ಇನ್ನೂ ಸರಿಯಾಗಿ ವಿವರಿಸಲು ಆಗಿಲ್ಲ. ಯಾರಾದರೂ ಕೇಳಿದರೆ ಅವರು, "ಕಂಪ್ಯೂಟರ್ ಮುಂದೆ ಕೂತಿರ್ತಾನೆ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಹಾಗಾಗಿ ಇಡೀ ಕಂಪ್ಯೂಟರ್ ವಿದ್ಯೆಯ ಬಗ್ಗೆ ನಾನು ಮಾತಾಡುವುದಿಲ್ಲ. ನನ್ನ ಕೆಲಸದಲ್ಲಿ ಬರುವ ಒಂದೇ ಒಂದು ಸಣ್ಣ ಪದ್ಧತಿಯನ್ನು ಹೇಳುತ್ತೇನೆ. ವೆಬ್‌ಸೈಟಿನ ಪುಟಗಳನ್ನು ಜನ ಬಂದು ಕೇಳುವ ಮೊದಲೇ ಕಂಪೈಲ್ ಮಾಡಿಡುವ ಪದ್ಧತಿ ಅದು. ನಮ್ಮವರು ಪ್ರೀಕಂಪೈಲ್ ಎನ್ನುತ್ತಾರೆ. ನಾನು ಅದನ್ನು ಪುಸ್ತಕದಿಂದ ಕಲಿಯಲಿಲ್ಲ, ಒಂದು ತಪ್ಪಿನಿಂದ ಕಲಿತೆ. ತಪ್ಪು ನನ್ನದೇ.

ಮೊದಲು ಪುಟ ಅಂದರೇನು ನೋಡೋಣ. ಮೊಬೈಲಿನಲ್ಲಿ ಸರ್ವೆ ನಂಬರ್ ಹಾಕಿದರೆ ನಿಮ್ಮ ಜಮೀನಿನ ಪಹಣಿ ಬರುತ್ತದೆ. ಮಕ್ಕಳು ರಿಜಿಸ್ಟರ್ ನಂಬರ್ ಹಾಕಿದರೆ ಅವರವರ ಅಂಕ ಬರುತ್ತದೆ. ಲಕ್ಷಾಂತರ ಮಕ್ಕಳಿಗೆ ಲಕ್ಷಾಂತರ ಪುಟಗಳನ್ನು ಯಾರೂ ಕೂತು ಬರೆದಿಡುವುದಿಲ್ಲ. ನಮ್ಮ ಶಾಲೆಯ ಟಿ.ಸಿ. ಪುಸ್ತಕ ನೆನಪು ಮಾಡಿಕೊಳ್ಳಿ. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಂದೆಲ್ಲ ಅಚ್ಚಾಗಿರುತ್ತದೆ, ಮುಂದೆ ಖಾಲಿ ಗೆರೆ ಇರುತ್ತದೆ. ಗುಮಾಸ್ತರು ದಾಖಲಾತಿ ರಿಜಿಸ್ಟರ್ ನೋಡಿಕೊಂಡು ಆ ಗೆರೆಯ ಮೇಲೆ ತುಂಬುತ್ತಾರೆ. ವೆಬ್ ಪುಟವೂ ಹಾಗೆಯೇ. ಖಾಲಿ ನಮೂನೆಯೊಂದು ಇರುತ್ತದೆ, ಅದಕ್ಕೆ ಟೆಂಪ್ಲೇಟ್ ಎನ್ನುತ್ತೇವೆ. ಅದನ್ನು ತುಂಬುವ ಗುಮಾಸ್ತನ ಕೆಲಸವನ್ನು ಸರ್ವರ್ ಎಂಬ ದೂರದ ಕಂಪ್ಯೂಟರ್ ಮಾಡುತ್ತದೆ.

ನಾನು ಕೆಲಸ ಮಾಡುವುದು ಜಾವಾ ಎಂಬ ಭಾಷೆಯಲ್ಲಿ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲಿ ಅದನ್ನು ಹೊರತಂದಿತು. ಇಂಥ ನಮೂನೆಗಳನ್ನು ಜಾವಾದಲ್ಲಿ ಬರೆಯಲು ಅದೇ ಕಂಪನಿ 1999ರಲ್ಲಿ ಜಾವಾಸರ್ವರ್ ಪೇಜಸ್, ಅಂದರೆ ಜೆಎಸ್‌ಪಿ ಎಂಬ ಪದ್ಧತಿಯ ಮೊದಲ ಆವೃತ್ತಿಯನ್ನು ಕೊಟ್ಟಿತು. ಈ ಪುಟಗಳನ್ನು ನಡೆಸಲು ಟಾಮ್‌ಕ್ಯಾಟ್ ಎಂಬ ತಂತ್ರಾಂಶವಿದೆ. ಅದೂ ಸನ್ ಕಂಪನಿಯಲ್ಲಿ ಹುಟ್ಟಿ, ಆಮೇಲೆ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ಗೆ ದಾನವಾಗಿ ಹೋಯಿತು. ಇವತ್ತಿಗೂ ಯಾರು ಬೇಕಾದರೂ ದುಡ್ಡು ಕೊಡದೆ ಅದನ್ನು ಬಳಸಬಹುದು.

ಜೆಎಸ್‌ಪಿ ನಮೂನೆಯನ್ನು ನಾವು ಓದಬಹುದು, ಯಂತ್ರ ಹಾಗೆಯೇ ನಡೆಸಲಾರದು. ಅದು ಎರಡು ಹಂತ ದಾಟಬೇಕು. ಟಾಮ್‌ಕ್ಯಾಟ್‌ನೊಳಗೆ ಜಾಸ್ಪರ್ ಎಂಬ ಭಾಗವಿದೆ. ಅದು ಮೊದಲು ನಮೂನೆಯನ್ನು ಒಂದು ಜಾವಾ ಪ್ರೋಗ್ರಾಂ ಆಗಿ ಬದಲಿಸುತ್ತದೆ. ಆಮೇಲೆ ಆ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಿ, ಜಾವಾ ಯಂತ್ರಕ್ಕೆ ಅರ್ಥವಾಗುವ ಬೈಟ್‌ಕೋಡ್ ಆಗಿ ಮಾಡುತ್ತದೆ. ಇಷ್ಟಾದ ಮೇಲೆ ಆ ಪುಟ ಎಷ್ಟು ಜನ ಕೇಳಿದರೂ ಬೇಗ ಬೇಗ ಬರುತ್ತದೆ.

ಈ ಎರಡು ಹಂತ ಯಾವಾಗ ನಡೆಯುತ್ತದೆ? ನಾವು ಬೇರೆ ಏರ್ಪಾಡು ಮಾಡದಿದ್ದರೆ, ಮೊದಲ ಮನುಷ್ಯ ಬಂದು ಆ ಪುಟ ಕೇಳಿದ ಗಳಿಗೆಯಲ್ಲಿ ನಡೆಯುತ್ತದೆ. ಅಲ್ಲಿಯತನಕ ಅದು ಬರೀ ಅಕ್ಷರಗಳಿರುವ ಕಡತ. ನೆಂಟರು ಬಂದು ಜಗಲಿಯ ಮೇಲೆ ಕೂತ ಮೇಲೆ ದೋಸೆಗೆ ಅಕ್ಕಿ ನೆನೆಹಾಕಿದ ಹಾಗೆ. ಮೊದಲು ಬಂದವರು ಕಾಯಬೇಕು. ಅದೇ ಹೊತ್ತಿಗೆ ಅದೇ ಪುಟ ಕೇಳಿದ ಉಳಿದವರೂ ಅವರ ಹಿಂದೆ ಕಾಯಬೇಕು. ಒಂದು ಪುಟಕ್ಕೆ ಸಾಮಾನ್ಯವಾಗಿ ಒಂದೆರಡು ಸೆಕೆಂಡು ಆದೀತು. ದೊಡ್ಡದೇನಲ್ಲ ಅನಿಸುತ್ತದೆ. ಆದರೆ ನೂರಾರು ಪುಟಗಳಿದ್ದು, ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆರೆದ ಕೂಡಲೇ ಸಾವಿರಾರು ಜನ ನುಗ್ಗಿದರೆ ಆ ಒಂದೆರಡು ಸೆಕೆಂಡುಗಳೇ ಸೇರಿ ಸರ್ವರ್ ಏದುಸಿರು ಬಿಡುತ್ತದೆ.

ಹೀಗೇಕೆ ಮಾಡಿದ್ದಾರೆ ಎಂದು ನೀವು ಕೇಳಬಹುದು. ಪುಟ ಬರೆಯುವವನಿಗೆ ಇದು ತುಂಬ ಅನುಕೂಲ. ಒಂದು ಅಕ್ಷರ ತಿದ್ದಿ, ಬ್ರೌಸರಿನಲ್ಲಿ ಮತ್ತೆ ತೆರೆದರೆ ಬದಲಾವಣೆ ಅಲ್ಲೇ ಕಾಣುತ್ತದೆ. ಕೆಲಸ ಕಲಿಯುವಾಗ, ಪುಟ ಕಟ್ಟುವಾಗ ಇದಕ್ಕಿಂತ ಸುಖ ಇಲ್ಲ. ನಾನೂ ಆ ಸುಖಕ್ಕೆ ಒಗ್ಗಿಹೋಗಿದ್ದೆ.

ಈಗ ನನ್ನ ತಪ್ಪಿನ ಕಥೆ. ಹದಿನೈದು ವರ್ಷಕ್ಕೂ ಹಿಂದಿನ ಮಾತು. ಯಾವ ಕಂಪನಿ, ಯಾವ ಪರೀಕ್ಷೆ ಎಂಬುದು ಇಲ್ಲಿ ಬೇಡ. ಒಂದು ಪರೀಕ್ಷೆಯ ಫಲಿತಾಂಶ ತೋರಿಸುವ ವೆಬ್‌ಸೈಟ್ ಮಾಡುವ ಕೆಲಸ ನಮ್ಮ ತಂಡಕ್ಕೆ ಬಂದಿತ್ತು. ಅದರಲ್ಲಿ ಪಾಸಾದವರಿಗೆ ಒಂದು ಪುಟ, ಫೇಲಾದವರಿಗೆ ಇನ್ನೊಂದು ಪುಟ. ಎರಡನೆಯ ಪುಟದಲ್ಲಿ ಯಾವ ವಿಷಯ ಮತ್ತೆ ಬರೆಯಬೇಕು, ಪೂರಕ ಪರೀಕ್ಷೆಗೆ ಫೀಸು ಎಷ್ಟು, ಕಟ್ಟಲು ಕೊನೆಯ ದಿನ ಯಾವುದು ಎಂಬ ವಿವರವಿತ್ತು. ಫಲಿತಾಂಶದ ಹಿಂದಿನ ರಾತ್ರಿ ಹತ್ತೂವರೆಗೆ ಫೋನ್ ಬಂತು, ಕೊನೆಯ ದಿನ ಬದಲಾಗಿದೆ ಎಂದು. ದಂಡ ಕಟ್ಟಿದರೆ ಇನ್ನೂ ಕೆಲವು ದಿನ ಅವಕಾಶವಿದೆ, ಅದನ್ನೂ ಸೇರಿಸಿ ಎಂದರು. ನಾನು ನಾಲ್ಕು ಸಾಲು ಸೇರಿಸಿದೆ. ಆ ನಾಲ್ಕು ಸಾಲಿನಲ್ಲಿ ಒಂದು ಪುಷ್ಪಾವರಣ ತೆರೆದೆ. ಮುಚ್ಚಲಿಲ್ಲ.

ಆಮೇಲೆ ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟುವ ಆಜ್ಞೆ ಕೊಟ್ಟೆ. ಅದಕ್ಕೆ ನಾವು ಬಿಲ್ಡ್ ಎನ್ನುತ್ತೇವೆ. ಬಿಲ್ಡ್ ಯಶಸ್ವಿ ಎಂದು ಬಂತು. ಯಾಕೆ ಬಂತು ಎಂಬುದನ್ನು ಗಮನಿಸಿ. ನಮ್ಮ ಬಿಲ್ಡ್, ಜಾವಾ ಪ್ರೋಗ್ರಾಂಗಳನ್ನು ಮಾತ್ರ ಕಂಪೈಲ್ ಮಾಡುತ್ತಿತ್ತು. ಜೆಎಸ್‌ಪಿ ಪುಟಗಳನ್ನು ತೆರೆದೂ ನೋಡದೆ ಹಾಗೆಯೇ ಎತ್ತಿ ಗಂಟಿಗೆ ಹಾಕುತ್ತಿತ್ತು. ತಪ್ಪಿರುವ ಪುಟವೂ ಸರಿಯಿರುವ ಪುಟವೂ ಅದರ ಕಣ್ಣಿಗೆ ಒಂದೇ. ನಾವು ಐದು ನಂಬರ್ ಹಾಕಿ ಪರೀಕ್ಷೆ ಮಾಡಿ ನೋಡಿದೆವು, ಐದೂ ಸರಿಯಾಗಿ ಬಂತು. ಐದೂ ಪಾಸಾದವರ ನಂಬರ್. ನಿದ್ದೆಗಣ್ಣಿನಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಮನೆಗೆ ಹೋಗಿ ಮಲಗಿದೆವು.

ಮರುದಿನ ಹತ್ತು ಗಂಟೆಗೆ ಫಲಿತಾಂಶ. ಮೊದಲ ಕೆಲವು ನಿಮಿಷ ನಿಧಾನವಾಯಿತು, ಆಮೇಲೆ ಸರಾಗವಾಯಿತು. ಪಾಸಾದ ಮಕ್ಕಳು ಅಂಕ ನೋಡಿಕೊಂಡರು. ಕಚೇರಿಯಲ್ಲಿ ಸಿಹಿ ಹಂಚಿದರು. ಯಾರಿಂದಲೂ ದೂರು ಬರಲಿಲ್ಲ.

ಹನ್ನೊಂದು ದಾಟಿದ ಮೇಲೆ ಸಹಾಯವಾಣಿಯ ಫೋನ್ ರಿಂಗಾಯಿತು. ನಾನೇ ಎತ್ತಿಕೊಂಡೆ. ಒಬ್ಬ ಹುಡುಗಿ. "ಸರ್, ನನ್ನ ನಂಬರ್ ಹಾಕಿದ್ರೆ ಇಂಗ್ಲಿಷಲ್ಲಿ ಏನೇನೋ ಬರ್ತಿದೆ. ಸೈಬರ್ ಸೆಂಟರ್ ಅಣ್ಣ ಮೂರು ಸಲ ಹಾಕಿ ನೋಡಿದ್ರು. ನಾನು ಪಾಸೋ ಫೇಲೋ ಅಷ್ಟು ಹೇಳಿ ಸಾಕು ಸರ್" ಅಂದಳು. ಪರದೆಯ ಮೇಲೆ ಏನಿದೆ ಓದಮ್ಮ ಅಂದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಐನೂರು ಎಂಬ ಸಂಖ್ಯೆ, ಆಮೇಲೆ "ಅನೇಬಲ್ ಟು ಕಂಪೈಲ್ ಕ್ಲಾಸ್ ಫಾರ್ ಜೆಎಸ್‌ಪಿ". ಪುಟವನ್ನು ಕಂಪೈಲ್ ಮಾಡಲು ಆಗಲಿಲ್ಲ ಎಂದು ಅದರ ಅರ್ಥ.

ಎದೆ ಧಸಕ್ಕೆಂದಿತು. ಯಾಕೆಂದರೆ ಪಾಸಾದವರ ಪುಟ ಚೆನ್ನಾಗಿ ಓಡುತ್ತಿತ್ತು. ಆ ದೋಷ ಕಾಣಿಸಿತೆಂದರೆ ಆ ಹುಡುಗಿ ಫೇಲಾಗಿದ್ದಾಳೆ ಎಂದೇ ಅರ್ಥ. ಆಕೆಗಿಂತ ಮೊದಲು ಅದು ನನಗೆ ಗೊತ್ತಾಯಿತು. ಹೇಳಲು ನನಗೆ ಬಾಯಿ ಬರಲಿಲ್ಲ. "ಅರ್ಧ ಗಂಟೆ ಬಿಟ್ಟು ನೋಡಮ್ಮ, ಸರಿ ಮಾಡ್ತೀವಿ" ಅಂದೆ. ಆಕೆ, "ಸೈಬರ್‌ಗೆ ಮತ್ತೆ ದುಡ್ಡು ಕೊಡಬೇಕು ಸರ್" ಅಂದು ಫೋನ್ ಇಟ್ಟಳು.

ಆವರಣ ಮುಚ್ಚಲು ಎರಡು ನಿಮಿಷ ಸಾಕಾಯಿತು. ಹೊಸ ಗಂಟು ಸರ್ವರಿಗೆ ಹಾಕಿ ಮತ್ತೆ ಶುರುಮಾಡಿದೆವು. ಆದರೆ ಹತ್ತರಿಂದ ಹನ್ನೊಂದೂವರೆ ತನಕ ಫೇಲಾದ ಒಬ್ಬ ವಿದ್ಯಾರ್ಥಿಗೂ ತನ್ನ ಫಲಿತಾಂಶ ಸಿಕ್ಕಿರಲಿಲ್ಲ. ಅವರಲ್ಲಿ ಹೆಚ್ಚಿನವರು ನಮಗೆ ಫೋನ್ ಮಾಡಲೂ ಇಲ್ಲ. ಫೇಲಾಗಿರಬಹುದು ಎಂಬ ಭಯದಲ್ಲಿರುವ ಮಗು ಜಗಳಕ್ಕೆ ಬರುವುದಿಲ್ಲ, ತಪ್ಪು ತನ್ನದೇ ಎಂದುಕೊಂಡು ಸುಮ್ಮನಾಗುತ್ತದೆ. ಮತ್ತೆ ನೋಡದೆ, ಫೀಸಿನ ದಿನ ತಿಳಿಯದೆ ಎಷ್ಟು ಮಕ್ಕಳು ಉಳಿದರೋ, ಆ ಲೆಕ್ಕ ನನ್ನ ಹತ್ತಿರ ಇಲ್ಲ. ಇಷ್ಟು ವರ್ಷವಾದರೂ ಅದು ನನ್ನನ್ನು ಬಿಟ್ಟಿಲ್ಲ.

ಆ ವಾರವೇ ನಾವು ಬಿಲ್ಡ್ ಪದ್ಧತಿ ಬದಲಾಯಿಸಿದೆವು. ಟಾಮ್‌ಕ್ಯಾಟ್ ಜೊತೆಗೇ ಜೆಎಸ್‌ಪಿಸಿ ಎಂಬ ಸಾಧನ ಬರುತ್ತದೆ. ಆಗ ನಾವು ಬಳಸುತ್ತಿದ್ದ ಆ್ಯಂಟ್ ಎಂಬ ಬಿಲ್ಡ್ ತಂತ್ರಾಂಶದಲ್ಲಿ ಅದನ್ನು ಒಂದು ಹಂತವಾಗಿ ಸೇರಿಸಿದೆವು. ಈಗ ಮೇವೆನ್ ಬಳಸುವವರಿಗೂ ಅದಕ್ಕೆ ಪ್ಲಗಿನ್‌ಗಳಿವೆ. ಕೆಲಸ ನಡೆಯುವ ಕ್ರಮ ಹೀಗಿದೆ. ಮೊದಲು ಎಲ್ಲ ಜೆಎಸ್‌ಪಿ ಪುಟಗಳೂ, ಒಂದನ್ನೂ ಬಿಡದೆ, ಜಾವಾ ಪ್ರೋಗ್ರಾಂ ಆಗುತ್ತವೆ. ಎರಡನೆಯದಾಗಿ ಅವೆಲ್ಲ ಕಂಪೈಲ್ ಆಗುತ್ತವೆ. ಮೂರನೆಯದಾಗಿ, ಯಾವ ಪುಟ ಕೇಳಿದರೆ ಯಾವ ಸಿದ್ಧ ಪ್ರೋಗ್ರಾಂ ಓಡಿಸಬೇಕು ಎಂಬ ಪಟ್ಟಿ ತಯಾರಾಗಿ ವೆಬ್ ಡಾಟ್ ಎಕ್ಸ್‌ಎಂಎಲ್ ಎಂಬ ಕಡತಕ್ಕೆ ಸೇರುತ್ತದೆ. ಕೊನೆಗೆ ಎಲ್ಲ ಸೇರಿ ಒಂದು ಗಂಟಾಗುತ್ತದೆ. ನಡುವೆ ಒಂದೇ ಒಂದು ಪುಟ ಬಿದ್ದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಗಂಟು ತಯಾರಾಗುವುದೇ ಇಲ್ಲ.

ಇದರಿಂದ ಎರಡು ಲಾಭ. ಮೊದಲನೆಯದು ವೇಗ. ಹಿಟ್ಟು ಹಿಂದಿನ ರಾತ್ರಿಯೇ ರುಬ್ಬಿಟ್ಟಿರುವುದರಿಂದ ಮೊದಲು ಬಂದವನೂ ಕಾಯಬೇಕಿಲ್ಲ. ಎರಡನೆಯದು ನನಗೆ ಹೆಚ್ಚು ಮುಖ್ಯ. ನಮ್ಮ ಅಜ್ಜಿ ಮದುವೆ ಮನೆಯಲ್ಲಿ ಅಕ್ಕಿ ಆರಿಸಲು ಕೂತಾಗ ಹೇಳುತ್ತಿದ್ದರು, "ಕಲ್ಲು ಮೊರದಲ್ಲಿ ಸಿಗಬೇಕು ಕಣೋ, ಉಣ್ಣೋರ ಬಾಯಲ್ಲಲ್ಲ" ಎಂದು. ಪ್ರೀಕಂಪೈಲ್ ಎಂಬುದು ಅಷ್ಟೇ. ತಪ್ಪು ಮಾಡಿದವನ ಮುಂದೆಯೇ ತಪ್ಪು ಬೀಳಬೇಕು. ಅದನ್ನು ಆ ಹುಡುಗಿ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ಕಂಡುಹಿಡಿಯುವ ಹಾಗಾಗಬಾರದು.

ಮೊದಲ ಸಲ ಇದನ್ನು ಓಡಿಸಿದಾಗ ಇನ್ನೂ ಕೆಲವು ಪುಟಗಳು ಬಿದ್ದವು. ಒಂದನ್ನು ಯಾರೂ ತೆರೆದಿರಲೇ ಇಲ್ಲ. ಇನ್ನೊಂದು, ಬೇರೆ ಪುಟದೊಳಗೆ ಸೇರಿಸಿಕೊಳ್ಳಲು ಬರೆದ ತುಣುಕು. ಒಂಟಿಯಾಗಿ ಅದು ಪೂರ್ಣ ಪುಟವೇ ಅಲ್ಲ, ಹಾಗಾಗಿ ಒಂಟಿಯಾಗಿ ಕಂಪೈಲ್ ಆಗುವುದಿಲ್ಲ. ಅಂಥವುಗಳಿಗೆ ಜೆಎಸ್‌ಪಿಎಫ್ ಎಂದು ಬೇರೆ ಹೆಸರಿಟ್ಟು ಬೇರ್ಪಡಿಸಿದೆವು. ಮತ್ತೊಂದು ಪುಟ ಎಲ್ಲವನ್ನೂ ತನ್ನೊಳಗೇ ತುಂಬಿಕೊಂಡು ವಿಪರೀತ ಉದ್ದವಾಗಿತ್ತು. ಜಾವಾದಲ್ಲಿ ಒಂದು ಮೆಥಡ್‌ನ ಬೈಟ್‌ಕೋಡ್ 64 ಕಿಲೋಬೈಟ್ ಮೀರುವಂತಿಲ್ಲ. ಅದನ್ನು ಒಡೆದು ಚಿಕ್ಕದು ಮಾಡಿದೆವು.

ಈ ಕೆಲಸದಲ್ಲಿರುವ ನಮ್ಮ ಶಾಲೆಯ ಕಿರಿಯರೂ ಇಲ್ಲಿ ಕೆಲವರಿದ್ದಾರೆ. ಅವರಿಗಾಗಿ ಎರಡು ಮಾತು. ನೀವು ಬಿಲ್ಡ್ ಮಾಡುವ ಕಡೆ ಇರುವ ಟಾಮ್‌ಕ್ಯಾಟ್ ಆವೃತ್ತಿಯೂ ಸರ್ವರಿನಲ್ಲಿರುವ ಆವೃತ್ತಿಯೂ ಒಂದೇ ಇರಲಿ. ಮೊದಲೇ ಕಂಪೈಲ್ ಮಾಡಿದ ಪುಟ ಜಾಸ್ಪರ್‌ನ ಭಾಗಗಳನ್ನು ನೆಚ್ಚಿಕೊಂಡಿರುತ್ತದೆ, ಆವೃತ್ತಿ ಬೇರೆಯಾದರೆ ಕೈಕೊಡಬಹುದು. ಬಿಲ್ಡ್ ಬದಲಿಸಲು ಅವಕಾಶವೇ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಪುಟದ ವಿಳಾಸದ ಕೊನೆಗೆ ಜೆಎಸ್‌ಪಿ ಅಂಡರ್‌ಸ್ಕೋರ್ ಪ್ರೀಕಂಪೈಲ್ ಎಂಬ ಸೂಚನೆ ಸೇರಿಸಿ ಕೇಳಿದರೆ, ಸರ್ವರ್ ಆ ಪುಟವನ್ನು ಓಡಿಸದೆ ಕಂಪೈಲ್ ಮಾತ್ರ ಮಾಡಿಡುತ್ತದೆ. ಬಾಗಿಲು ತೆರೆಯುವ ಮೊದಲು ಪ್ರತಿ ಪುಟಕ್ಕೂ ಹೀಗೆ ಒಂದು ಸಲ ಕೇಳಿಬಿಡಿ.

ಇದಕ್ಕೂ ಮಿತಿ ಇದೆ. ಆವರಣ ಮುಚ್ಚದಿದ್ದರೆ ಪ್ರೀಕಂಪೈಲ್ ಹಿಡಿಯುತ್ತದೆ. ಕೊನೆಯ ದಿನಾಂಕವನ್ನೇ ತಪ್ಪಾಗಿ ಬರೆದಿದ್ದರೆ ಹಿಡಿಯುವುದಿಲ್ಲ. ಖಾಲಿ ಗೆರೆಯಲ್ಲಿ ತುಂಬಬೇಕಾದ ವಿವರದ ಹೆಸರು ತಪ್ಪಿದ್ದರೆ ಹಲವು ಸಲ ಅದೂ ಪುಟ ಓಡುವಾಗಲೇ ತಿಳಿಯುವುದು. ಅಕ್ಕಿ ಆರಿಸಿದ ಮಾತ್ರಕ್ಕೆ ಸಾರಿಗೆ ಉಪ್ಪು ಸರಿಯಾಯಿತು ಎನ್ನಲಾಗುವುದಿಲ್ಲ, ರುಚಿ ನೋಡಲೇಬೇಕು. ಫೇಲಾದವರ ನಂಬರೂ ಹಾಕಿ ನೋಡಲೇಬೇಕು. ಬಿಲ್ಡ್‌ಗೆ ಹೆಚ್ಚು ಹೊತ್ತೂ ಹಿಡಿಯುತ್ತದೆ. ಓಡುತ್ತಿರುವ ಸರ್ವರಿನಲ್ಲೇ ಒಂದು ಸಾಲು ತಿದ್ದಿ ಕೈತೊಳೆದುಕೊಳ್ಳುವ ಹಳೆಯ ಸುಖವೂ ಹೋಗುತ್ತದೆ. ನಮ್ಮ ತಂಡದಲ್ಲಿ ಇದಕ್ಕೆ ಗೊಣಗಿದವರಿದ್ದರು. ನಾನು ಗೊಣಗಲಿಲ್ಲ.

ಈಗ ಜೆಎಸ್‌ಪಿ ಹಳೆಯ ಕಾಲದ್ದು ಎನ್ನುವವರಿದ್ದಾರೆ. ಹೊಸ ಕೆಲಸಗಳಿಗೆ ಬೇರೆ ಬೇರೆ ಪದ್ಧತಿಗಳು ಬಂದಿವೆ. ಸನ್ ಕಂಪನಿಯನ್ನು ಒರಾಕಲ್ 2010ರಲ್ಲಿ ಕೊಂಡಿತು. ಇವತ್ತು ಜೆಎಸ್‌ಪಿ, ಎಕ್ಲಿಪ್ಸ್ ಫೌಂಡೇಶನ್ ಅಡಿಯಲ್ಲಿ ಜಕಾರ್ತಾ ಪೇಜಸ್ ಎಂಬ ಹೆಸರಿನಲ್ಲಿದೆ. ಹೆಸರು ಬದಲಾದರೂ ಹಳೆಯ ಪುಟಗಳು ಎಷ್ಟೋ ಕಡೆ ಇನ್ನೂ ಓಡುತ್ತಿವೆ. ಅವುಗಳ ಎದುರು ಇವತ್ತೂ ಯಾರೋ ಒಬ್ಬರು ತಮ್ಮ ನಂಬರ್ ಹಾಕಿ ಕಾಯುತ್ತಿರುತ್ತಾರೆ.

ಕೊನೆಯದಾಗಿ, ಇದನ್ನೆಲ್ಲ ಈ ಅಂಗಳದಲ್ಲಿ ಯಾಕೆ ಹೇಳಿದೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ಇಲ್ಲಿ ಅನೇಕರಿಗೆ ಗೊತ್ತಿಲ್ಲದ ಸಂಗತಿ, ನಾನು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದವನು. ಆಗ ಫಲಿತಾಂಶವನ್ನು ಆ ಹಳೆಯ ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ಅಂಟಿಸುತ್ತಿದ್ದರು. ನನ್ನ ಹೆಸರಿನ ಮುಂದೆ ಏನಿದೆ ಎಂದು ನೋಡಿದವನು ಯಾರಿಗೂ ಮುಖ ತೋರಿಸದೆ ಮನೆಗೆ ಓಡಿದೆ. ಮತ್ತೆ ಶಾಲೆಯ ಕಡೆ ಸುಳಿಯಲಿಲ್ಲ. ಅಪ್ಪನ ಜೊತೆ ಗದ್ದೆಗೆ ಹೋಗತೊಡಗಿದೆ. ನಾಲ್ಕೈದು ದಿನ ಕಳೆದ ಮೇಲೆ ಸಂಜೆ ನಮ್ಮ ಗಣಿತದ ಮೇಷ್ಟ್ರು ಸೈಕಲ್ ತುಳಿದುಕೊಂಡು ಮನೆಗೆ ಬಂದರು. ಅಂಗಳದಲ್ಲೇ ನಿಂತು ಅಪ್ಪನಿಗೆ, "ಸೋಮವಾರ ಫೀಸು ಕಟ್ಟೋಕೆ ಕೊನೇ ದಿನ. ಹುಡುಗನ್ನ ಕಳಿಸಿಕೊಡಿ" ಅಂದರು. ಬೈಯಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿದು ಹೊರಟರು. ಫೇಲಾದವರು ನಾವು ಒಂಬತ್ತು ಜನ. ಒಂಬತ್ತು ಮನೆಗೂ ಹೋಗಿದ್ದರು ಎಂದು ಆಮೇಲೆ ತಿಳಿಯಿತು. ಆ ಬೇಸಿಗೆ ಪೂರ್ತಿ ಈ ಜಗಲಿಯ ಮೇಲೆ ನಮಗೆ ಲೆಕ್ಕ ಹೇಳಿಕೊಟ್ಟರು. ನನ್ನ ನೋಟ್ ಪುಸ್ತಕದ ತುಂಬ ಕೆಂಪು ಶಾಯಿಯಲ್ಲಿ ಅವರು ಬರೆದ ಒಂದೇ ಮಾತು: ಆವರಣ ಮುಚ್ಚು.

ಆ ರಾತ್ರಿ ನಾನು ಕೆಡಿಸಿದ ಪುಟ ಮಾಡಬೇಕಿದ್ದ ಕೆಲಸ ಇದೇ ಆಗಿತ್ತು. ಫೀಸು ಕಟ್ಟಲು ಕೊನೆಯ ದಿನ ಯಾವುದೆಂದು ಫೇಲಾದ ಮಗುವಿನ ಮನೆಗೆ ಹೋಗಿ ಹೇಳುವುದು. ಮೇಷ್ಟ್ರು ಒಂಬತ್ತು ಮನೆಗಳಲ್ಲಿ ಒಂದನ್ನೂ ಬಿಡಲಿಲ್ಲ. ನಾನು ಐದು ನಂಬರ್ ನೋಡಿ ಮಲಗಿಬಿಟ್ಟೆ. ಫೋನಿನಲ್ಲಿ ಆ ಹುಡುಗಿಯ ದನಿ ಕೇಳಿದಾಗ ನನಗೆ ನೆನಪಾದದ್ದು ಅವರ ಸೈಕಲ್ಲು.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಈ ಕೆಲಸ ಕಲಿಯುವ ಆಸೆಯಿದ್ದರೆ, ನಾನು ನಾಳೆ ಮಧ್ಯಾಹ್ನದವರೆಗೂ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಇರುತ್ತೇನೆ. ಒಂದು ಪುಟ ಬರೆದು, ಬೇಕೆಂದೇ ಕೆಡಿಸಿ, ಬಿಲ್ಡ್ ಹೇಗೆ ಅದನ್ನು ಹಿಡಿಯುತ್ತದೆ ಎಂದು ತೋರಿಸುತ್ತೇನೆ. ಗಣಿತದಲ್ಲಿ ಕಡಿಮೆ ಅಂಕ ತೆಗೆದವರು ಮೊದಲು ಬನ್ನಿ.

ನಮ್ಮ ಮೇಷ್ಟ್ರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಸರ್, ಇಪ್ಪತ್ತು ನಿಮಿಷ ಕೊಟ್ಟಿದ್ದರು, ಮೀರಿದ್ದೇನೆ ಅನಿಸುತ್ತದೆ. ನೀವು ಕೆಂಪು ಪೆನ್ನು ತೆಗೆಯುವ ಮೊದಲೇ ಆವರಣ ಮುಚ್ಚುತ್ತೇನೆ.